ಕಾಕು ಸೋಸಿದ ನೀರು

ಕಾಕುವಿನ ಬೆರಳ ತುದಿಗಳು ಯಾವಾಗಲೂ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಎಳೆಗೂಸನ್ನು ಎತ್ತಿಕೊಂಡರೆ ಅದು ಬೆಚ್ಚಿ ಬೀಳಬೇಕು, ಅಷ್ಟು ತಣ್ಣಗಿನ ಕೈ. ಎಡ ಹೆಗಲ ಮೇಲೆ ಸೆರಗಿನ ಜೊತೆಗೆ ಇನ್ನೊಂದು ಬಟ್ಟೆ ಇರುತ್ತಿತ್ತು. ಎರಡು ಪದರಾಗಿ ಮಡಚಿದ ದಪ್ಪನೆಯ ಬಿಳಿ ಬಟ್ಟೆ, ಸದಾ ಹಸಿ. ಆ ಹಸಿಗೆ ಅವರ ಕುಪ್ಪಸದ ಎಡ ಭುಜದ ಬಣ್ಣ ಬಲ ಭುಜಕ್ಕಿಂತ ಬೇಗ ಹೋಗಿಬಿಡುತ್ತಿತ್ತು. ಬಸದಿಯಿಂದ ಹೆಂಗಸರು ಗುಂಪಾಗಿ ಬರುತ್ತಿದ್ದರೆ ಮುಖ ಕಾಣುವ ಮೊದಲು ಆ ಮಾಸಿದ ಭುಜ ನೋಡಿಯೇ ಕಾಕು ಬಂದರು ಎಂದುಕೊಳ್ಳುತ್ತಿದ್ದೆ.

ಅವರು ನನ್ನ ಮನೆಯ ಮಾಲಕಿ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಹಿಂದಿ ಕಲಿಸಲೆಂದು ಖಾನಾಪುರಕ್ಕೆ ಬಂದಾಗ ಒಂಟಿ ಹೆಂಗಸಿಗೆ ಮನೆ ಕೊಡಲು ಊರು ಹಿಂದೆಮುಂದೆ ನೋಡುತ್ತಿತ್ತು. ಯಾರ ಮಗಳು, ಮದುವೆ ಯಾಕಿಲ್ಲ, ಸಂಜೆ ಯಾರಾದರೂ ಬಂದುಹೋಗುತ್ತಾರೆಯೇ ಎಂದೆಲ್ಲ ಕೇಳಿದವರೇ ಎಲ್ಲರೂ. ಕಾಕು ಕೇಳಿದ್ದು ಒಂದೇ, ಒಲೆಯ ಮೇಲೆ ಮೊಟ್ಟೆ ಮಾಂಸ ಇಡುತ್ತೀರೇನು ಎಂದು. ಬೈಲಹೊಂಗಲ ಕಡೆಯ ಲಿಂಗಾಯತರ ಮನೆಯವಳು ನಾನು, ಇಲ್ಲವೆಂದೆ. "ಹಂಗಾರ ಬರ್ರಿ, ಕುಂದರ್ರಿ" ಎಂದರು. ಬಾವಿಯ ಬಾಜುವಿಗಿದ್ದ ಎರಡು ಕೋಣೆಗಳು ಅಂದೇ ನನ್ನವಾದವು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಕೊನೆಯವರೆಗೂ ನನ್ನನ್ನು "ಅಕ್ಕೋರ" ಎಂದು, ಮಾತಿಗೊಂದು ರೀ ಹಚ್ಚಿಯೇ ಕರೆದರು.

ಕಾಕುವಿನ ಗಂಡ, ನಾವು ಕಾಕಾ ಎನ್ನುತ್ತಿದ್ದವರು, ಬೆಳಗಾವಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಕೆಲಸದವರು. ಮುಂಜಾನೆಯ ಗಾಡಿಗೆ ಹೋಗಿ ಹೊತ್ತು ಮುಳುಗುವುದರೊಳಗೆ ತಿರುಗಿ ಬರುತ್ತಿದ್ದರು. ತಡವಾದರೆ ಊಟವಿಲ್ಲ. ಗಾಡಿ ತಡವಾಗಿ ಅವರು ಉಪವಾಸ ಮಲಗಿದ ದಿನಗಳೂ ಸಾಕಷ್ಟಿದ್ದವು. ಆ ಮನೆಯಲ್ಲಿ ಗಡಿಯಾರ ಇದ್ದರೂ ಕಾಕು ನೋಡುತ್ತಿದ್ದುದು ಎದುರು ಮನೆಯ ಹಂಚನ್ನು. ಅದರ ಮೇಲಿನ ಬಿಸಿಲು ಆರಿತೆಂದರೆ ಆಯಿತು, ಮರುದಿನ ಸೂರ್ಯ ಕಾಣುವವರೆಗೆ ಕಾಕುವಿನ ಬಾಯಿಗೆ ಅನ್ನ ಹೋಗಲಿ, ಒಂದು ಹನಿ ನೀರೂ ಬೀಳುತ್ತಿರಲಿಲ್ಲ. ನಾನೋ ರಾತ್ರಿ ಎಂಟಕ್ಕೆ ಚಹಾ ಇಲ್ಲದಿದ್ದರೆ ತಲೆ ಹಿಡಿದುಕೊಂಡು ಕೂರುವವಳು. ನನ್ನ ಚಹಾದ ವಾಸನೆ ಗೋಡೆ ದಾಟಿ ಹೋದರೆ ಆ ಕಡೆಯಿಂದ, ಇವತ್ತು ಏಲಕ್ಕಿ ಜಾಸ್ತಿಯಾಗಿದೆ ಎಂದು ಕಾಕು ತೀರ್ಪು ಕೊಡುತ್ತಿದ್ದರು. ಕುಡಿಯದೆಯೇ ಚಹಾದ ತಪ್ಪು ಹಿಡಿಯುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರು ನೀರು ಸೋಸುವುದನ್ನು ನೋಡುವುದೇ ಒಂದು ಪಾಠವಾಗಿತ್ತು. ನಮ್ಮ ಮನೆಯಲ್ಲೂ ಸೋಸುತ್ತಿದ್ದರು, ಕಸಕಡ್ಡಿ ಬರಬಾರದೆಂದು. ಕಾಕುವಿನ ಚಿಂತೆಯೇ ಬೇರೆ, ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಗಳದು. ಸೇದಿದ ನೀರನ್ನು ಕೊಡದ ಬಾಯಿಗೆ ಹಚ್ಚಿದ ಬಟ್ಟೆಯ ಮೇಲೆ ಮೆಲ್ಲಗೆ ಹಾಕುವುದು. ಆಮೇಲೆ ಆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಆ ತೊಳೆದ ನೀರನ್ನು ಸಣ್ಣದೊಂದು ಹಿತ್ತಾಳೆ ತಂಬಿಗೆಗೆ ಹಿಡಿಯುವುದು. ಆ ತಂಬಿಗೆಗೆ ಕಂಠದ ದಾರವಲ್ಲದೆ ಬುಡದಲ್ಲೂ ಒಂದು ಬಳೆ, ಅದಕ್ಕೊಂದು ದಾರ. ಅದನ್ನು ಬಾವಿಗೆ ಇಳಿಬಿಟ್ಟು, ನೀರು ಮುಟ್ಟಿದ ಮೇಲೆ ಬುಡದ ದಾರ ಎಳೆದರೆ ತಂಬಿಗೆ ಸದ್ದಿಲ್ಲದೆ ಮಗುಚುತ್ತಿತ್ತು. ಶಾಲೆಗೆ ಹೊತ್ತಾಗಿ ಬಕೆಟ್ಟು ಹಿಡಿದು ನಿಂತ ನಾನು ಒಮ್ಮೆ, ಮೇಲಿಂದಲೇ ಸುರಿದರೆ ಏನಾಗುತ್ತದೆ ಕಾಕು, ಎಂದು ಸಿಡುಕಿದ್ದೆ.

"ಅಷ್ಟ ಎತ್ತರಲಿಂದ ಬಿದ್ರ ಅವಕ್ಕ ಪೆಟ್ಟಾಗೂದಿಲ್ಲೇನ್ರಿ?" ಎಂದರು. ದಾರ ಸುತ್ತಿಕೊಳ್ಳುತ್ತ, "ಈ ಬಾವ್ಯಾಗಿನವು ಈ ಬಾವಿಗೇ ಹೋಗಬೇಕ್ರಿ ಅಕ್ಕೋರ. ತಮ್ಮ ಮನಿ ಬಿಟ್ಟ ಬ್ಯಾರೆ ನೀರಾಗ ಅವು ಬದಕೂದಿಲ್ಲ."

ನಾನು ನಕ್ಕುಬಿಟ್ಟೆ. ನಕ್ಕದ್ದಕ್ಕೆ ಅವರಿಗೆ ಬೇಸರವಾಗಲಿಲ್ಲ. ನನಗೆ ಅವರು ಒಂದು ದಿನವೂ ಹೀಗೆ ಮಾಡಿರಿ ಎಂದವರಲ್ಲ.

ಹಾಗೆ ಅವರು ಹೇಳಿ ಮಾಡಿಸಿದ್ದು ಒಬ್ಬನಿಗೆ ಮಾತ್ರ, ತಮ್ಮ ಮಗನಿಗೆ. ಒಬ್ಬನೇ ಮಗ. ತಂದೆಯ ಜೊತೆ ಬೆಳಗಾವಿಗೆ ಹೋಗುತ್ತಿದ್ದ ಹುಡುಗ ಕೆಲಸ ಕಲಿಯುವುದು ಬಿಟ್ಟು ಕ್ಯಾಂಪಿನ ಕಡೆ ಹೋಗಿ ಮಿಲಿಟರಿ ಲಾರಿಗಳನ್ನು ನೋಡುತ್ತ ನಿಲ್ಲುತ್ತಿದ್ದನಂತೆ. ದೊಡ್ಡವನಾದ ಮೇಲೆ ಅದೇ ಲಾರಿ ನಡೆಸುತ್ತೇನೆಂದು ಹಟ ಹಿಡಿದ. ಇರುವೆ ತುಳಿಯದ ಮನೆಯಿಂದ ಮಗ ಫೌಜಿಗೆ ಹೋಗುವುದೆಂದರೆ ಕಾಕುವಿಗೆ ಜೀವವೇ ಹೋದಂತಾಗಿತ್ತು. ಬಂದೂಕಿನ ಕೆಲಸವಲ್ಲ, ಬರೀ ಡ್ರೈವರ್ ಎಂದು ಅವನು ಕಾಲು ಹಿಡಿದು ಒಪ್ಪಿಸಿದ. ಒಪ್ಪುವ ಮೊದಲು ಕಾಕು ಅವನಿಂದ ವಚನ ತೆಗೆದುಕೊಂಡರು. ಸೋಸದ ನೀರು ಕುಡಿಯಬಾರದು, ಹೊತ್ತು ಮುಳುಗಿದ ಮೇಲೆ ಅನ್ನವಾಗಲಿ ನೀರಾಗಲಿ ಮುಟ್ಟಬಾರದು. ತಮ್ಮ ಹೆಗಲ ಮೇಲಿನಂಥದೇ ಒಂದು ಬಟ್ಟೆ ಹೊಲಿದು ಕೊಟ್ಟರು.

ನಾನು ಆ ಮನೆಗೆ ಬರುವ ಹಿಂದಿನ ವರ್ಷವೇ ಅವನು ಹೋಗಿಬಿಟ್ಟಿದ್ದ. ಯುದ್ಧವಲ್ಲ, ಗುಂಡಲ್ಲ. ರಾಜಸ್ಥಾನದ ಮರುಭೂಮಿಯಲ್ಲಿ ಬೇಸಿಗೆಯ ಒಂದು ದಿನ ಬಿಸಿಲಿನ ಹೊಡೆತಕ್ಕೆ ತೀರಿಕೊಂಡನೆಂದು ತಂತಿ ಬಂದಿತ್ತು. ಅದು ಇವರ ಕೈ ಸೇರುವಷ್ಟರಲ್ಲಿ ಅಲ್ಲಿ ಎಲ್ಲವೂ ಮುಗಿದಿತ್ತು. ಆಮೇಲೆ ಒಂದು ಕಬ್ಬಿಣದ ಟ್ರಂಕು ಬಂತು. ಅದರಲ್ಲಿ ಆ ಬಟ್ಟೆ ಇತ್ತು, ನಡುವಿನಲ್ಲಿ ಎಳೆ ಎಳೆ ಕಾಣುವಷ್ಟು ಸವೆದಿತ್ತು. ಮಗ ಮಾತು ಉಳಿಸಿಕೊಂಡನೆಂದು ಕಾಕು ಅದನ್ನು ಎದೆಗೆ ಒತ್ತಿಕೊಂಡು ಸಮಾಧಾನ ಮಾಡಿಕೊಂಡಿದ್ದರು. ಆ ಸಮಾಧಾನ ಆರೇಳು ವರ್ಷ ಉಳಿಯಿತು.

ಅದನ್ನು ಕೆಡಿಸಿದವನು ಒಬ್ಬ ಒಳ್ಳೆಯ ಮನುಷ್ಯ. ನಂದಗಡದ ಫೌಜಿ, ಕಾಕುವಿನ ಮಗನ ಜೊತೆ ಅದೇ ತುಕಡಿಯಲ್ಲಿ ಇದ್ದವನು, ಪಿನ್‌ಶನ್ ಆಗಿ ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಕಾಕುವನ್ನು ನೋಡಲು ಬಂದ. ಪಡಸಾಲೆಯಲ್ಲಿ ಕೂತು ಶೇಂಗಾ ಬೆಲ್ಲ ತಿನ್ನುತ್ತ, ತಾಯಿಗೆ ಹೆಮ್ಮೆಯಾಗಲಿ ಎಂದೇ ಹೇಳಿದ.

"ನಿಮ್ಮ ಮಗಾ ಖರೇ ಜೈನ ಇದ್ದ ಕಾಕು. ಹೊತ್ತ ಮುಣಗಿತಂದ್ರ ಹನಿ ನೀರ ಮುಟ್ಟತಿದ್ದಿಲ್ಲ. ನಾವೆಲ್ಲಾ ಚಾಷ್ಟಿ ಮಾಡ್ತಿದ್ವಿ, ಅವ ನಕ್ಕೊಂತ ಸುಮ್ಮ ಇರ್ತಿದ್ದ."

ಆಮೇಲೆ ಆ ಕೊನೆಯ ದಿನದ ಸಂಗತಿ ಹೇಳಿದ. ತಾನು ಆಗ ರಜೆಯಲ್ಲಿದ್ದೆ, ಉಳಿದವರಿಂದ ಕೇಳಿದ್ದು ಎಂದ. ಮರಳಿನ ಬಿರುಗಾಳಿಯಲ್ಲಿ ಲಾರಿ ಕೆಟ್ಟು ನಿಂತಿತ್ತು. ಇದ್ದ ನೀರಿನ ಡಬ್ಬಿಯನ್ನು ಜೊತೆಗಾರನ ಹತ್ತಿರ ಬಿಟ್ಟು, ಸಹಾಯ ತರುತ್ತೇನೆಂದು ಇವನು ರೈಲು ಹಳಿ ಹಿಡಿದು ನಡೆದ. ಒಂದು ಸಣ್ಣ ಸ್ಟೇಶನ್ನಿನ ಊರು ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮರುದಿನ ಮುಂಜಾನೆ ಜೀವ ಹೋಯಿತು.

ಕಾಕು ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ಆ ಊರಾಗ ನೀರಿತ್ತೇನಪಾ?" ಎಂದು ಕೇಳಿದರು.

"ಸ್ಟೇಶನ್ ಐತಲ್ಲ ಕಾಕು, ನೀರ ಇದ್ದ ಇರತೈತಿ."

"ಅವ ಕುಡದನ?"

ಫೌಜಿಗೆ ಅದು ಗೊತ್ತಿರಲಿಲ್ಲ. ತಾನು ಏನು ಮಾಡಿದೆ ಎಂಬುದೂ ಅವನಿಗೆ ಹೊಳೆಯಲಿಲ್ಲ. ಸಂಜೆಯ ಬಸ್ಸಿಗೆ ಕೈಮುಗಿದು ಹೋದ.

ಆವತ್ತಿನಿಂದ ಕಾಕು ಕರಗತೊಡಗಿದರು. ಹೊತ್ತು ಮುಳುಗಿದ ಮೇಲೆ ಬಾವಿಕಟ್ಟೆಗೆ ಬಂದು ಸುಮ್ಮನೆ ಕೂರುವರು. ಕರೆದರೆ ಓ ಎನ್ನುವರು, ಏಳುವುದಿಲ್ಲ. ಮೊದಮೊದಲು ನಾನು ಮಗನ ನೆನಪು ಎಂದುಕೊಂಡಿದ್ದೆ. ಒಂದು ಸಂಜೆ ಚಹಾದ ಬಟ್ಟಲು ಹಿಡಿದು ಬಾಜುವಿಗೆ ಹೋಗಿ ಕೂತೆ. ಬಾವಿಯೊಳಗೆ ನೋಡುತ್ತಲೇ ಅವರು ಹೇಳಿದರು.

"ವಚನಾ ತಗೊಂಡಾಕಿ ನಾನ್ರಿ. ಬಾಜುಕ ನೀರ ಇಟಗೊಂಡು ನನ್ನ ಮಾತಿಗೆ ನನ್ನ ಮಗಾ ಒಣಗಿ ಹೋದನೇನ್ರಿ ಅಕ್ಕೋರ?"

ನನ್ನ ಕೈಯಲ್ಲಿದ್ದ ಚಹಾ ಕುಡಿಯಲಾಗಲಿಲ್ಲ. ಹಾಗೆಲ್ಲ ಆಗಿರಲಿಕ್ಕಿಲ್ಲ ಎಂದು ಏನೇನೋ ಹೇಳಿದೆ. ಯಾರ ಸಮಾಧಾನವೂ ಅಲ್ಲಿ ನಡೆಯುವಂತಿರಲಿಲ್ಲ, ಕಂಡವರು ಯಾರಾದರೂ ಹೇಳಬೇಕಿತ್ತು. ಆ ಊರಿಗೆ ಹೋಗಬೇಕು ಎಂದು ಕಾಕು ಅಂದೇ ನಿಶ್ಚಯಿಸಿದ್ದರು. ಆದರೆ ಹೋಗುವುದು ಹೇಗೆ? ಹೊರಗಿನ ಅನ್ನ ಮುಟ್ಟುವವರಲ್ಲ, ಸ್ಟೇಶನ್ನಿನ ನಲ್ಲಿಯ ನೀರು ಕುಡಿಯುವವರಲ್ಲ. ರೈಲಿನಲ್ಲಿ ಅಷ್ಟು ದಿನ ಉಪವಾಸವೇ ಬರುತ್ತೇನೆ ಎಂದರು. ಆಗಲೇ ಅರ್ಧವಾಗಿದ್ದ ದೇಹ ಅದು, ಕಾಕಾ ಒಪ್ಪಲಿಲ್ಲ. ಒಪ್ಪಲಿಲ್ಲ ಎಂದರೆ ಬೇಡ ಎಂದೂ ಅನ್ನಲಿಲ್ಲ. ಎರಡು ದಿನ ಬಿಟ್ಟು ನನ್ನೆದುರು ಹೇಳಿದರು.

"ಮನಿ ಬಿಟ್ಟ ಆಕಿ ಬರೂದಿಲ್ಲ. ಮನೀನ ತಗೊಂಡ ಹೋಗೂಣು."

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತಾವು ಬಾಡಿ ಕಟ್ಟುತ್ತಿದ್ದ ಬೆಳಗಾವಿಯ ಆಟೋ ನಗರದ ಶೆಡ್ಡಿಗೆ ಕಾಕಾ ಎಲ್ಲಿಂದಲೋ ಒಂದು ಹಳೆಯ ಮಿನಿ ಬಸ್ಸು ಎಳೆಸಿಕೊಂಡು ಬಂದರು. ಸೀಟುಗಳನ್ನು ಕಿತ್ತು ಹಾಕಿದರು. ಒಂದು ಬದಿಗೆ ಮಲಗಲು ಎರಡು ಹಲಗೆ, ಇನ್ನೊಂದು ಬದಿಗೆ ಕಡಪಾ ಕಲ್ಲಿನ ಕಟ್ಟೆ, ಅದರ ಮೇಲೆ ಸ್ಟವ್, ಕೆಳಗೆ ಹಿಟ್ಟು ಬೇಳೆಯ ಡಬ್ಬಿಗಳು ಉರುಳದಂತೆ ಕಟ್ಟಿಗೆಯ ಕಟಾಂಜನ. ಕಾಕುವಿನ ಹಂಡೆ ಕೂರಲು ನೆಲದಲ್ಲಿ ದುಂಡಗೆ ಒಂದು ತಗ್ಗು. ಹಿಂದಿನ ಬಾಗಿಲಿಗೆ ತುಳಿಯಲು ಮೆಟ್ಟಿಲು, ಕಿಟಕಿಗೆ ಪರದೆ. ಲಾರಿಯ ಬಾಡಿ ಕಟ್ಟಿದ ಕೈ, ಗಟ್ಟಿಮುಟ್ಟಿಗೇನೂ ಕಡಿಮೆ ಇರಲಿಲ್ಲ. ಆಜುಬಾಜಿನ ಶೆಡ್ಡಿನವರು ಅದಕ್ಕೆ 'ಕಾಕಾನ ಅಡಗಿಮನಿ' ಎಂದು ಹೆಸರಿಟ್ಟು ನಗುತ್ತಿದ್ದರು. ಕಾಕಾ ಮಗನ ಹೆಸರೆತ್ತಿ ಅತ್ತದ್ದನ್ನು ನಾನು ನೋಡಿಲ್ಲ. ಇಡೀ ಒಂದು ಮಳೆಗಾಲ ಆ ಬಸ್ಸಿನೊಳಗೆ ಕೂತು ಗೂಟ ಹೊಡೆದದ್ದನ್ನು ನೋಡಿದ್ದೇನೆ.

ಹಿಂದಿ ಬರುವವಳೆಂದು ನಾನೂ ಜೊತೆಗೆ ಹೊರಟೆ. ಹುಡುಗರಿಗೆ ಪರೀಕ್ಷೆಯ ಹಿಂದಿ ಕಲಿಸಿ ಬೇಸತ್ತಿದ್ದೆ, ಒಮ್ಮೆಯಾದರೂ ಆ ಭಾಷೆ ಯಾರ ಕೆಲಸಕ್ಕಾದರೂ ಬರಲಿ ಎಂಬ ಆಸೆಯೂ ಇತ್ತು. ದೀಪಾವಳಿಯ ಪೂಜೆ ಮುಗಿಸಿ ಮರುದಿನ ಹೊರಟೆವು. ಕೊಲ್ಲಾಪುರ, ಪುಣೆ ದಾಟಿ, ಗುಜರಾತ ಹಾಯ್ದು ದಿನಗಟ್ಟಲೆ ಪ್ರಯಾಣ. ಕಾಕಾ ಎತ್ತಿನ ಗಾಡಿಯಂತೆ ನಡೆಸುತ್ತಿದ್ದರು. ಎಲ್ಲಿ ಬಾವಿ ಕಂಡರೆ ಅಲ್ಲಿ ನಿಲ್ಲಿಸುವುದು. ಕಾಕು ಇಳಿದು ನೀರು ಸೇದಿ, ಅಲ್ಲೇ ಸೋಸಿ, ಅಲ್ಲೇ ತಂಬಿಗೆ ಇಳಿಬಿಟ್ಟು ಆ ಬಾವಿಯವರನ್ನು ಆ ಬಾವಿಗೆ ಮುಟ್ಟಿಸಿ, ಆಮೇಲೆ ಒಲೆ ಹಚ್ಚುವುದು. ಮಧ್ಯಾಹ್ನ ಇಳಿಯುತ್ತಿದ್ದಂತೆ ಕಾಕಾ ರಸ್ತೆಗಿಂತ ಹೆಚ್ಚು ಪಡುವಣದ ಕಡೆ ನೋಡುತ್ತಿದ್ದರು. ಎದುರು ಮನೆಯ ಹಂಚು ಇರಲಿಲ್ಲವಲ್ಲ, ಊಟದ ಹೊತ್ತು ಅವರೇ ಅಂದಾಜು ಹಾಕಬೇಕಿತ್ತು. ದಾರಿಯುದ್ದಕ್ಕೂ ಜನ ಬಸ್ಸನ್ನು ಇಣುಕಿ ನೋಡಿ, ಸರ್ಕಸ್ಸಿನವರೇನು ಎಂದು ಕೇಳುತ್ತಿದ್ದರು. ನಾನು ಸಿಡುಕುತ್ತಿದ್ದೆ, ಕಾಕು ಅವರಿಗೆ ಚುರಮುರಿ ಕೊಡುತ್ತಿದ್ದರು.

ಆ ಊರು ಮುಟ್ಟಿದ್ದು ಒಂದು ಮಧ್ಯಾಹ್ನ. ಊರೆಂದರೆ ಒಂದು ಸ್ಟೇಶನ್ನು, ಸಿಗ್ನಲ್ಲಿನ ಕಂಬ, ರೈಲಿನವರ ಕಲ್ಲಿನ ಮನೆಗಳು, ನಾಲ್ಕಾರು ಅಂಗಡಿ. ಆಚೆ ಎಲ್ಲ ಕಡೆ ಮರಳು. ಅಲ್ಲೊಂದು ಇಲ್ಲೊಂದು ಬನ್ನಿಗಿಡ, ನಮ್ಮ ದಸರೆಯ ಬನ್ನಿಯೇ. ಕಾಕು ಇಳಿದವರು ಊರನ್ನು ನೋಡದೆ ನೇರ ಹಳಿಯ ಹತ್ತಿರ ಹೋದರು. ನಮ್ಮ ಖಾನಾಪುರದ ಸ್ಟೇಶನ್ನಿನಲ್ಲಿ ಇದ್ದಂಥದೇ ಸಣ್ಣ ಅಳತೆಯ ಹಳಿ. ಬಗ್ಗಿ ಅದರ ಮೇಲೆ ಕೈಯಿಟ್ಟರು.

"ಹಳಿ ನಮ್ಮ ಊರಾಗಿಂದ ಐತಲ್ರಿ. ಇದನ್ನ ನೋಡಿ, ಮನಿ ಕಡೆ ನಡದೇನಿ ಅಂತ ತಿಳಕೊಂಡಿರಬೇಕ ಅವ" ಎಂದರು.

ಅಲ್ಲಿ ಸಿಹಿನೀರಿನ ಬಾವಿ ಇರಲಿಲ್ಲ. ಇದ್ದ ಒಂದೆರಡರ ನೀರೂ ಬಾಯಿಗಿಡಲಾಗದಷ್ಟು ಉಪ್ಪು. ಕುಡಿಯುವ ನೀರು ರೈಲಿನಲ್ಲಿ ಬರುತ್ತಿತ್ತು. ದೂರದ ಊರಿನಿಂದ ಟಾಕಿಗಳನ್ನು ತುಂಬಿಕೊಂಡು ಗಾಡಿ ಬಂದು ನಿಂತರೆ ಊರಿನ ಹೆಂಗಸರೆಲ್ಲ ಕೊಡ ಹಿಡಿದು ಓಡುವುದು. ನಮ್ಮ ಪುಣ್ಯಕ್ಕೆ ಗಾಡಿ ಬಂತು, ನಾನೂ ಪಾಳಿಯಲ್ಲಿ ನಿಂತು ಎರಡು ಕೊಡ ತಂದೆ. ಕಾಕು ಸೋಸಿದರು, ಬಟ್ಟೆ ತೊಳೆದು ತಂಬಿಗೆಗೆ ಹಿಡಿದರು. ಹಿಡಿದ ಮೇಲೆ ಕೈ ಅಲ್ಲೇ ನಿಂತಿತು. ಈ ನೀರಿನ ಬಾವಿ ಎಲ್ಲಿದೆ ಎಂದು ನನ್ನನ್ನು ಕೇಳಿದರು.

ನನಗೆ ರೇಗಿತು. ಮಗನ ಸುದ್ದಿ ಕೇಳಲು ಬಂದು ಇದನ್ನು ಹಿಡಿದುಕೊಂಡು ಕೂತರಲ್ಲ ಎಂದು. ಬಾವಿ ಇಲ್ಲಿಂದ ಒಂದು ದಿನದ ದಾರಿಯಲ್ಲಿದೆ, ಇಲ್ಲೇ ಎಲ್ಲಾದರೂ ನೆರಳಿಗೆ ಚೆಲ್ಲಿ ಎಂದೆ. ಮರಳಿನ ಮೇಲೆ ಚೆಲ್ಲುವುದೇ ಎಂಬಂತೆ ಅವರು ನನ್ನ ಮುಖ ನೋಡಿದರು. ಆಮೇಲೆ ತಂಬಿಗೆಯ ಬಾಯಿಗೆ ಬೇರೊಂದು ಹಸಿ ಬಟ್ಟೆಯ ತುಂಡು ಕಟ್ಟಿ, ಖಾಲಿಯಾದ ಗಾಡಿ ತಿರುಗಿ ಹೊರಡುತ್ತಿದ್ದ ಕಡೆ ನಡೆದರು. ಹಿಂದಿನ ಡಬ್ಬಿಯಲ್ಲಿ ಬಿಳಿ ಮೀಸೆಯ ಗಾರ್ಡು ಹಸಿರು ಬಾವುಟ ಸುತ್ತಿಕೊಳ್ಳುತ್ತ ನಿಂತಿದ್ದ. ಇದನ್ನು ನೀರು ತುಂಬಿಸಿಕೊಂಡಲ್ಲೇ ಬಿಡಬೇಕಂತೆ, ಬಾಯಿಯ ಬಟ್ಟೆ ಬಿಚ್ಚಿ ಮೆಲ್ಲಗೆ ಇಳಿಸಬೇಕಂತೆ, ಎತ್ತರದಿಂದ ಹಾಕಬಾರದಂತೆ, ಬುಡದ ದಾರ ಎಳೆದರೆ ತಾನೇ ಮಗುಚುತ್ತದಂತೆ ಎಂದು ಹಿಂದಿಯಲ್ಲಿ ಹೇಳುವಾಗ ನನಗೇ ನಾಚಿಕೆಯಾಗುತ್ತಿತ್ತು. ಇದರಲ್ಲಿ ಏನಿದೆ ಎಂದು ಅವನು ಕೇಳಿದ. ಜೀವಗಳಿವೆ ಎಂದೆ. ಅವನು ನಗಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ತನ್ನ ಊಟದ ಡಬ್ಬಿಯ ಬಾಜುವಿಗೆ ಅಲುಗಾಡದಂತೆ ಇಟ್ಟುಕೊಂಡ. ಗಾಡಿ ಕಣ್ಣು ಮರೆಯಾಗುವವರೆಗೆ ಕಾಕು ನಿಂತು ನೋಡಿದರು. ಆ ತಂಬಿಗೆ ನಮಗೆ ತಿರುಗಿ ಸಿಗಲಿಲ್ಲ. ಅವನು ಹಾಕಿದನೋ ಇಲ್ಲವೋ ಎಂಬ ಸಂಶಯ ನನಗಿತ್ತು, ಕಾಕುವಿಗೆ ಇರಲಿಲ್ಲ.

ಸ್ಟೇಶನ್ನಿನವರೆಲ್ಲ ಹೊಸಬರು, ಹಳೆಯ ಸಂಗತಿ ತಿಳಿದವರಿಲ್ಲ. ಅವರೇ ಒಬ್ಬ ಮುದುಕಿಯ ದಾರಿ ತೋರಿಸಿದರು. ಪ್ಲಾಟ್‌ಫಾರ್ಮು ಮುಗಿಯುವಲ್ಲಿ ಹುಲ್ಲಿನ ಗುಡಿಸಲು, ಒಳಗೆ ಮರಳಿನಲ್ಲಿ ಹುಗಿದ ಮಣ್ಣಿನ ಗಡಿಗೆಗಳು. ಹೋಗಿಬರುವವರಿಗೆ ನೀರು ಕೊಡುವ ಅರವಟ್ಟಿಗೆ. ತೀರ ವಯಸ್ಸಾದಾಕೆ ಅಲ್ಲಿ ಕೂತು ಉದ್ದ ಮೂತಿಯ ಪಾತ್ರೆಯಿಂದ ಜನರ ಬೊಗಸೆಗೆ ನೀರು ಹಾಕುತ್ತಿದ್ದಳು. ಮರುದಿನ ಮುಂಜಾನೆ ಹೋಗಿ ಅವಳೆದುರು ಕೂತೆವು. ಕಾಕು ಮಗನ ಫೋಟೋ ಮುಂದೆ ಮಾಡಿದರು. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ನೋಡಿ, ತನ್ನ ಹಿಂದಿದ್ದ ಹಗ್ಗದ ಹೊರಸನ್ನು ಕೈಯಿಂದ ತಟ್ಟಿ ತೋರಿಸಿದಳು. ಇಲ್ಲೇ ಮಲಗಿದ್ದ ಎಂದಳು.

ಅವಳ ಮಾತು ನಾನು ಪುಸ್ತಕದಲ್ಲಿ ಓದಿದ ಹಿಂದಿಯಲ್ಲ. ಒಂದೊಂದು ಮಾತನ್ನೂ ಎರಡೆರಡು ಸಲ ಕೇಳಿ, ತಿಳಿದ ಮೇಲೆ ಮಾತ್ರ ಕಾಕುವಿಗೆ ಹೇಳಿದೆ. ಗಾಳಿ ನಿಂತ ಮೇಲೆ, ಹೊತ್ತು ಮುಳುಗಿದ ಮೇಲೆ ಹುಡುಗ ಹಳಿಯ ಮೇಲಿಂದ ತೂರಾಡುತ್ತ ಬಂದ. ಲಾರಿ ಎಲ್ಲಿದೆ ಎಂದು ಮೊದಲು ಹೇಳಿದ, ಸ್ಟೇಶನ್ನಿನವರು ಸುದ್ದಿ ಮುಟ್ಟಿಸಲು ಓಡಿದರು. ತುಟಿ ಒಡೆದು ರಕ್ತ ಬಂದಿತ್ತು. ಇವಳು ನೀರು ಹಿಡಿದಳು. ಅವನು ಬೇಡವೆಂದು ಕೈಯಿಂದ ತಳ್ಳಿದ. ಮತ್ತೆ ಹಿಡಿದಳು, ಮತ್ತೆ ತಳ್ಳಿ ಆಕಾಶದ ಕಡೆ ಬೆರಳು ತೋರಿಸಿದ.

ಇದನ್ನು ಹೇಳದೆ ದಾಟಿಸಿಬಿಡಲು ನೋಡಿದೆ. ಕಾಕು ನನ್ನ ಮುಖವನ್ನೇ ನೋಡುತ್ತಿದ್ದರು. "ಪೂರ್ತಿ ಹೇಳ್ರಿ ಅಕ್ಕೋರ, ಒಂದೂ ಬಿಡಬ್ಯಾಡ್ರಿ" ಎಂದರು. ಹೇಳಿದೆ.

ಮುದುಕಿ ಮುಂದುವರಿಸಿದಳು. ಅವಳದು ಅಲ್ಲಿಯ ಕೆಳಗಿನ ಜಾತಿ. ತನ್ನ ಕೈಯ ನೀರು ಬೇಡವಾಯಿತು ಎಂದುಕೊಂಡಳಂತೆ. ಸಾಯುವ ಹೊತ್ತಿನಲ್ಲೂ ಹೀಗೆಯೇ ಎಂದು ಸಿಟ್ಟು ಬಂತಂತೆ. ಆದರೂ ಬಿಡಲಿಲ್ಲ. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಿನ್ನ ತಾಯಿ ಕೊಡುತ್ತಿದ್ದಾಳೆ ಎಂದುಕೋ, ತಾಯಿಯ ಕೈ ತಳ್ಳುತ್ತೀಯಾ ಎಂದಳು. ಹುಡುಗ ಕಣ್ಣು ತೆರೆದು ಅವಳನ್ನು ನೋಡಿದ. ಆಮೇಲೆ ಬಾಯಿ ತೆರೆದ.

ಕಾಕು ನನ್ನ ತೋಳು ಹಿಡಿದುಕೊಂಡರು. "ಕುಡದನ? ಹೊಟ್ಟಿ ತುಂಬ ಕುಡದನ? ಕೇಳ್ರಿ."

ಕೇಳಿದೆ. ಮುದುಕಿ ತನ್ನ ಮೂತಿಯ ಪಾತ್ರೆಯನ್ನು ಎತ್ತಿ ತೋರಿಸಿದಳು. ಇದನ್ನು ಬರಿದು ಮಾಡಿದ, ಮತ್ತೆ ತುಂಬಿಸಿದೆ, ಅದನ್ನೂ ಕುಡಿದ, ಸಾಕೆಂದು ಮುಖ ತಿರುಗಿಸಿದ ಮೇಲೆಯೇ ಬಿಟ್ಟೆ ಎಂದಳು. ಮೈಯೊಳಗೆ ಹೊಕ್ಕ ಬಿಸಿಲು ಇಳಿಯಲಿಲ್ಲ, ಅದು ನನ್ನ ಕೈಯಲ್ಲಿರಲಿಲ್ಲ ಎಂದಳು. ಆದರೆ ನೀರಡಿಸಿ ಹೋಗಲಿಲ್ಲ.

"ಹೊಟ್ಟಿ ತುಂಬ ಕುಡದಾನ ಕಾಕು" ಎಂದೆ.

ಇಪ್ಪತ್ತು ವರ್ಷ ಸಾಕಿದ ನೇಮವನ್ನು ಮಗ ಕೊನೆಯ ದಿನ ಮುರಿದ ಸುದ್ದಿ ಅದು. ಕೇಳಿದ ಆ ತಾಯಿ ಅಲ್ಲೇ ಮರಳಿನ ಮೇಲೆ ಕುಸಿದು, ವರ್ಷಗಟ್ಟಲೆ ಹಿಡಿದಿಟ್ಟ ಅಳುವನ್ನು ಅತ್ತರು. ಆಚೆ ನಿಂತಿದ್ದ ಕಾಕಾ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡರು. ನಾನೂ ಅತ್ತೆ.

ಅಳು ನಿಂತ ಮೇಲೆ ಕಾಕು ಮುದುಕಿಯ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು. "ಆಕಿಗೆ ಹೇಳ್ರಿ. ಅವ ತಳ್ಳಿದ್ದು ನಿನ್ನ ಕೈ ಅಲ್ಲ ಯವ್ವಾ, ನನ್ನ ಮಾತು. ಹೊತ್ತ ಮುಣಗಿದ ಮ್ಯಾಲ ಕುಡೀಬ್ಯಾಡ ಅಂದಾಕಿ ನಾನು." ನಾನು ಹೇಳಿದೆ. ಇಷ್ಟು ವರ್ಷ ಆ ಮುದುಕಿಯೂ ಒಂದು ಮುಳ್ಳು ಇಟ್ಟುಕೊಂಡಿದ್ದಳೆಂದು ಅವಳ ಮುಖ ನೋಡಿದಾಗ ತಿಳಿಯಿತು. ಅವಳು ಕಾಕುವಿನ ಸುಕ್ಕುಗಟ್ಟಿದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ತನ್ನವೂ ಹಾಗೆಯೇ ಇದ್ದವು.

ಆಮೇಲೆ ಕಾಕು ಬೊಗಸೆ ಒಡ್ಡಿದರು. ಮುದುಕಿ ಪಾತ್ರೆ ಬಗ್ಗಿಸಿದಳು. ಅಭ್ಯಾಸಬಲದಿಂದ ನಾನು ಅವರ ಹೆಗಲ ಮೇಲಿನ ಬಟ್ಟೆಗೆ ಕೈ ಹಾಕಿದೆ. ಕಾಕು ಬೇಡವೆಂದು ತಲೆಯಾಡಿಸಿದರು. ಸೋಸದ ನೀರನ್ನು ಅವರು ಕುಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊರಿಗೆ ಬಂದ ಮೇಲೆ ಕಾಕು ನೇಮ ಬಿಟ್ಟರು ಎಂದು ಯಾರಾದರೂ ಅಂದುಕೊಂಡರೆ ತಪ್ಪು. ಬುಡಕ್ಕೆ ಬಳೆ ಹಾಕಿದ ಹೊಸ ತಂಬಿಗೆ ಮಾಡಿಸಿಕೊಂಡರು. ಹಂಚಿನ ಮೇಲಿನ ಬಿಸಿಲು ಆರಿದರೆ ಬಾಯಿಯೂ ಮುಚ್ಚಿತು, ಮೊದಲಿನಂತೆಯೇ. ಹೊಸದಾಗಿ ಬಂದದ್ದು ಒಂದೇ. ಸ್ಟೇಶನ್ನಿನಿಂದ ಬರುವ ದಾರಿಗೆ ಮುಖವಾಗಿ, ಮನೆಯ ಕಟ್ಟೆಯ ಮೇಲೆ ದೊಡ್ಡದೊಂದು ಮಣ್ಣಿನ ಹರವಿ ಇಟ್ಟರು. ಕೊನೆಯ ಗಾಡಿಯಿಂದ ಇಳಿದು ಹಳ್ಳಿಗಳಿಗೆ ನಡೆದು ಹೋಗುವವರು ಅಲ್ಲಿ ನಿಂತು ಕುಡಿಯುತ್ತಿದ್ದರು. ಕನ್ನಡದವರು, ಮರಾಠಿಯವರು, ಕೂಲಿಯವರು, ಮಿಲಿಟರಿಯವರು. ಹರವಿಗೆ ಹಾಕುವ ನೀರನ್ನು ತಾವೇ ಸೋಸುವರು. ಕುಡಿಯುವವರನ್ನು ಮಾತ್ರ ಏನೂ ಕೇಳಬಾರದು ಎಂದು ಕಾಕಾಗೂ ನನಗೂ ಹೇಳಿದ್ದರು. ಹೊತ್ತು ಮುಳುಗಿದ ಮೇಲೆ ತಾವು ಮುಟ್ಟದ ನೀರನ್ನು ಬೇರೆಯವರಿಗಾಗಿ ತುಂಬಿಡುತ್ತೀರಲ್ಲ, ಬಸದಿಯಲ್ಲಿ ಯಾರಾದರೂ ಕೇಳಿದರೆ ಏನನ್ನುತ್ತೀರಿ ಎಂದು ನಾನು ಒಮ್ಮೆ ಕೆಣಕಿದ್ದೆ.

"ನೇಮ ನನ್ನದ ಐತ್ರಿ" ಎಂದರು. "ನೀರಡಿಕಿ ಅವರದ ಐತಿ."

ಎಂಬತ್ತರ ದಶಕ ಮುಗಿಯುವ ಮೊದಲು ನನಗೆ ಬೆಳಗಾವಿಗೆ ವರ್ಗವಾಯಿತು. ಕಾಕುವಿಗೆ ಬಹಳ ಜಡ್ಡಾಗಿದೆ ಎಂದು ಕಾಕಾ ಹೇಳಿ ಕಳಿಸಿದಾಗ ಓಡಿ ಹೋದೆ. ಹಾಸಿಗೆಯಲ್ಲಿ ಒಂದು ಹಿಡಿಯಷ್ಟಾಗಿದ್ದರು. ಬೆರಳ ತುದಿಗಳು ಒಣಗಿ, ಸುಕ್ಕು ಹೋಗಿ, ಬೇರೆ ಯಾರದೋ ಕೈಯಂತೆ ಕಾಣುತ್ತಿದ್ದವು. ಹಗಲೆಲ್ಲ ಕಾಕಾ ಚಮಚದಲ್ಲಿ ನೀರು ಹಾಕುತ್ತಿದ್ದರು. ಸಂಜೆ ಎದುರಿನ ಹಂಚಿನ ಬಿಸಿಲು ಆರಿತು. ತುಟಿ ಒಣಗುವುದನ್ನು ನೋಡಲಾರದೆ ಕಾಕಾ ಮತ್ತೆ ಚಮಚ ಹಿಡಿದರು. ಕಾಕು ಮುಖ ತಿರುಗಿಸಿದರು. ಕಾಕಾ ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎಂಬಂತೆ. ಆ ಮುದುಕಿ ಹೇಳಿದಂತೆ ಏನಾದರೂ ಹೇಳಬೇಕು ಎಂದು ನಾನು ಹತ್ತಿರ ಬಗ್ಗಿದೆ. ಅವರೇ ಮೊದಲು ಮಾತಾಡಿದರು.

"ನನಗ ಬ್ಯಾಡ್ರಿ. ಹೊರಗಿನ ಹರವಿ ತುಂಬೇತೇನ ನೋಡ್ರಿ."

ಹೊರಗೆ ಬಂದೆ. ತಲೆಯ ಮೇಲೆ ಗಂಟು ಹೊತ್ತಿದ್ದವನೊಬ್ಬ ಅದನ್ನು ಕಟ್ಟೆಯ ಮೇಲಿಳಿಸಿ, ನನಗೆ ಬೆನ್ನು ಮಾಡಿ, ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದ. ಅವನು ಮುಗಿಸಿ ಹೋಗುವವರೆಗೆ ಬಾಗಿಲಲ್ಲೇ ನಿಂತೆ. ಹರವಿ ಅರ್ಧಕ್ಕೆ ಇಳಿದಿತ್ತು. ಕಾಕುವಿನ ಬಟ್ಟೆ ಹಚ್ಚಿ, ಸೋಸಿ, ಕಂಠದವರೆಗೆ ತುಂಬಿಸಿದೆ. ಬಟ್ಟೆ ತೊಳೆದ ನೀರನ್ನು ಬಳೆಯ ತಂಬಿಗೆಗೆ ಹಿಡಿದು ಬಾವಿಗೆ ಇಳಿಬಿಟ್ಟು ದಾರ ಎಳೆದೆ. ಇಷ್ಟು ವರ್ಷ ನೋಡಿದ್ದೆ ಹೊರತು ಮಾಡಿದ್ದು ಅದೇ ಮೊದಲು. ಒಳಗೆ ಬಂದು, ತುಂಬಿಸಿದೆ ಕಾಕು, ಒಬ್ಬಾತ ಕುಡಿಯುತ್ತಿದ್ದ ಎಂದೆ.

ಕಣ್ಣು ಮುಚ್ಚಿಕೊಂಡೇ ಕೇಳಿದರು. "ಹೊಟ್ಟಿ ತುಂಬ ಕುಡದನ?"

"ಹೊಟ್ಟಿ ತುಂಬ ಕುಡದ, ಕಾಕು."

ಮರುದಿನ ಹಂಚಿನ ಮೇಲೆ ಬಿಸಿಲು ಬರುವ ಮೊದಲೇ ಅವರು ಹೋದರು. ಅವರ ಹೆಗಲ ಬಟ್ಟೆಯನ್ನು ಕಾಕಾ ನನಗೆ ಕೊಟ್ಟರು. ಬೆಳಗಾವಿಯ ನನ್ನ ಮನೆಯಲ್ಲಿ ಬಾವಿಯಿಲ್ಲ, ನಲ್ಲಿಯಲ್ಲಿ ಬರುವ ನೀರು ಎಲ್ಲಿಯದೆಂದು ನೋಡಿದವಳಲ್ಲ. ಬಟ್ಟೆ ತೊಳೆದ ನೀರು ಹಿಡಿದು ಎಲ್ಲಿ ಬಿಡಲಿ ಎಂದು ಒಂದು ಗಳಿಗೆ ನಿಲ್ಲುತ್ತೇನೆ. ಗೇಟಿನ ಹೊರಗೆ ಒಂದು ಹರವಿ ಇಟ್ಟಿದ್ದೇನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ತಂಬಿಗೆಯ ಸದ್ದಾದರೆ ಕೈಯಲ್ಲಿನ ಚಹಾ ಕೆಳಗಿಟ್ಟು, ಕುಡಿಯುವವರು ಮುಗಿಸುವವರೆಗೆ ಸುಮ್ಮನೆ ಕೂತಿರುತ್ತೇನೆ.